ಹತ್ತು ಮನೆಗಳ ಬಚ್ಚಲು ನೀರು ಇಂಗದೆ ನಾರುತ್ತಿದೆ

ಹಸಿಮಣ್ಣು:
ಹತ್ತು ಮನೆ, 40 ಜನ, ಜಮೀನು ಎಲ್ಲರಿಗೂ ಸೇರಿದ್ದು. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆದ ನೀರೆಲ್ಲ ಒಂದೇ ಪೈಪಿನಲ್ಲಿ ಹಣ್ಣಿನ ತೋಟದ ಇಂಗುಕಾಲುವೆಗೆ ಬರುತ್ತದೆ. ಕಾಲುವೆ 60 ಮೀಟರ್ ಉದ್ದ, ಅರ್ಧ ಮೀಟರ್ ಅಗಲ. ಜೇಡಿಮಣ್ಣು. ಇತ್ತೀಚೆಗೆ ನೀರು ನಿಂತು ನಾರುತ್ತಿದೆ. ಇನ್ನೂ ಆಳಕ್ಕೆ ತೋಡಿದರೆ ಸರಿಹೋದೀತೇ?

ನೀರುಗಂಟಿ:
ದಯವಿಟ್ಟು ಆಳ ಮಾಡಬೇಡಿ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳು, ಬೇರುಗಳು ಹೆಚ್ಚಾಗಿ ಇರುವುದು ಮೇಲಿನ ಮಣ್ಣಿನಲ್ಲೇ. ನಿಮಗೆ ಬೇಕಿರುವುದು ಜಾಗ. ತಲೆಗೆ 80 ಲೀಟರ್ ಹಿಡಿದರೆ ದಿನಕ್ಕೆ 3,200 ಲೀಟರ್ ಆಯಿತು. ಜೇಡಿಮಣ್ಣು ಚದರ ಮೀಟರಿಗೆ ದಿನಕ್ಕೆ 10 ಲೀಟರ್ ಕುಡಿದರೆ ಹೆಚ್ಚು. 320 ಚದರ ಮೀಟರ್ ಬೇಕಾದ ಕಡೆ ನಿಮ್ಮಲ್ಲಿರುವುದು 30. ಜಾಗ ಹೆಚ್ಚಿಸಿ ನಾಲ್ಕು ಪಾಲು ಮಾಡಿ, ವಾಲ್ವ್ ಇಟ್ಟು ದಿನಕ್ಕೊಂದು ಪಾಲಿಗೆ ನೀರು ಬಿಡಿ. ಉಳಿದ ಮೂರು ದಿನ ಮಣ್ಣಿಗೆ ಗಾಳಿಯಾಡಬೇಕು.

ಈಗಿನ ಕಾಲುವೆಯ ತಳ ಒಂದಿಷ್ಟು ಕೆರೆದು ಬೆರಳಲ್ಲಿ ತಿಕ್ಕಿ. ಕಪ್ಪಗೆ, ಬೆಣ್ಣೆಯ ಹಾಗೆ ಜಾರಿದರೆ ಅದು ಅಡುಗೆಮನೆಯ ಜಿಡ್ಡಿರಬಹುದು. ಆ ನೀರಿಗೆ ಮಾತ್ರ ಪ್ರತ್ಯೇಕ ಜಿಡ್ಡಿನ ತೊಟ್ಟಿ ಕಟ್ಟಿ. ಹೊರಹೋಗುವ ಪೈಪಿನ ಬಾಯಿ ನೀರಿನೊಳಗೆ ಕೆಳಕ್ಕೆ ಬಾಗಿರಲಿ, ಇಲ್ಲವಾದರೆ ಮೇಲೆ ತೇಲುವ ಜಿಡ್ಡೇ ಮೊದಲು ಹೊರಟುಬಿಡುತ್ತದೆ. ಸ್ನಾನದ ಬಿಸಿನೀರು ಇದಕ್ಕೆ ಸೇರಬಾರದು. ಜಿಡ್ಡು ಕರಗಿ ಮುಂದೆ ಹೋಗಿ ಮಣ್ಣಲ್ಲಿ ಹೆಪ್ಪುಗಟ್ಟುತ್ತದೆ.

ಎರೆಹುಳ:
ಬಟ್ಟೆ ಸೋಪಿನ ಪುಡಿಯನ್ನೂ ನೋಡಿ. ಅದರಲ್ಲಿರುವ ಸೋಡಿಯಂ ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿಸಿ ಮಣ್ಣಿನ ರಂಧ್ರ ಮುಚ್ಚಿಸುತ್ತದೆ. ಒಣಗಿದ ಸಣ್ಣ ಹೆಂಟೆಯೊಂದನ್ನು ಮಳೆನೀರಿನ ಲೋಟಕ್ಕೆ ಬಿಟ್ಟು ಅಲ್ಲಾಡಿಸದೆ ಇಡಿ. ಸುತ್ತ ಹಾಲಿನಂತೆ ಮಬ್ಬು ಹರಡಿದರೆ ಸೋಡಿಯಂ ಹೆಚ್ಚಿರುವ ಸಾಧ್ಯತೆ ಬಲವಾಗಿದೆ. ಮಣ್ಣು ಪರೀಕ್ಷೆ ಮಾಡಿಸಿ ಜಿಪ್ಸಂ ಹಾಕಿ. ಬೋರಾಕ್ಸ್ ಇರುವ ಪುಡಿಯಂತೂ ಬೇಡವೇ ಬೇಡ, ಹಣ್ಣಿನ ಗಿಡಗಳ ಎಲೆಯಂಚು ಸುಡುತ್ತದೆ.

ಪಾಳಿಪುಸ್ತಕ:
ತೊಟ್ಟಿ ಕಟ್ಟುವ ದಿನ ಹತ್ತೂ ಮನೆಯವರು ಬರುತ್ತಾರೆ. ಜಿಡ್ಡು ತೆಗೆಯುವ ದಿನ ಯಾರು ಬರುತ್ತಾರೆ ಎಂಬುದನ್ನು ಈಗಲೇ ಬರೆದಿಡಿ. ಇಬ್ಬಿಬ್ಬರ ಪಾಳಿ ಇರಲಿ, ತಿಂಗಳಿಗೆ ಒಬ್ಬರು ಮಾತ್ರ ಬದಲಾಗಲಿ. ಹಳಬರು ಹೊಸಬರಿಗೆ ತೋರಿಸಿಕೊಡುತ್ತಾರೆ. ವಾರಕ್ಕೊಮ್ಮೆ ಕೋಲು ಇಳಿಸಿ ಅಳೆಯಿರಿ. ಮೇಲಿನ ಜಿಡ್ಡು, ತಳದ ಹೂಳು ಸೇರಿ ಆಳದ ಕಾಲು ಭಾಗವಾದರೆ ಅಂದೇ ತೆಗೆಯಬೇಕು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್, ಹಂಚಿಕೊಂಡ ನೀರು, ಕಾಡುಗಳು ಬಹುಕಾಲ ಉಳಿದ ಕಡೆ ಸಾಮಾನ್ಯವಾಗಿ ಕಂಡದ್ದು: ಕಾಯುವವರು ಬಳಸುವವರಿಗೆ ಉತ್ತರ ಕೊಡಬೇಕು, ದಂಡ ಸಣ್ಣದಾಗಿ ಶುರುವಾಗಿ ಏರಬೇಕು. ಮೊದಲ ಸಲ ಪಾಳಿ ತಪ್ಪಿಸಿದವರಿಗೆ ನೆನಪಿಸಿದರೆ ಸಾಕು.

ಹಸಿಮಣ್ಣು:
ಮಳೆ ಬಂದಾಗ ಸೂರಿನ ನೀರೂ ಇದೇ ಕಾಲುವೆಗೆ ಇಳಿಯುತ್ತದೆ.

ನೀರುಗಂಟಿ:
ಮೊದಲು ಅದನ್ನು ಬಿಡಿಸಿ. 100 ಚದರ ಮೀಟರ್ ಸೂರಿಗೆ 20 ಮಿ.ಮೀ. ಮಳೆ ಬಿದ್ದರೆ 2,000 ಲೀಟರ್. ಕಾಲುವೆಯ ಮೇಲ್ಗಡೆ ಬದು ಹಾಕಿ ಬೇರೆ ಹೊಂಡಕ್ಕೆ ತಿರುಗಿಸಿ.