‘ಪಲ್ಸಟೈಲ್ ಟಿನಿಟಸ್’ಗೆ ಕನ್ನಡ ಪದ ಯಾವುದು?

ಪ್ರಶ್ನೆ: ರೋಗಿಗಳಿಗೆ ಕೊಡುವ ಮಾಹಿತಿಪತ್ರದಲ್ಲಿ ‘ಪಲ್ಸಟೈಲ್ ಟಿನಿಟಸ್’ಗೆ ‘ಕರ್ಣನಾದ’ ಎಂದರೆ ಸಾಕೇ? ‘ಟ್ರಾನ್ಸ್‌ವರ್ಸ್ ಸೈನಸ್ ಸ್ಟೆನೋಸಿಸ್’, ‘ಡ್ಯೂರಲ್ ಎವಿ ಫಿಸ್ಟುಲಾ’ ಇವನ್ನು ಹೇಗೆ ಬರೆಯುವುದು?

ಉತ್ತರ: ‘ಕರ್ಣನಾದ’ ಸಾಲದು. ಆಯುರ್ವೇದದಲ್ಲಿ ಭೇರಿ, ಮೃದಂಗ, ಶಂಖದಂಥ ಸದ್ದು ಕರ್ಣನಾದ, ಕೊಳಲಿನಂಥದ್ದು ಕರ್ಣಕ್ಷ್ವೇಡ. ನಾಡಿಯ ನಂಟು ಎರಡು ಪದಗಳಲ್ಲೂ ಇಲ್ಲ. ಇಲ್ಲಿ ಆ ನಂಟೇ ರೋಗದ ಗುರುತು: ಮಣಿಕಟ್ಟಿನ ನಾಡಿ ಹಿಡಿದು ಆಲಿಸಿದರೆ ಬಡಿತಕ್ಕೊಂದರಂತೆ ಕಿವಿಯಲ್ಲಿ ‘ಭುಸ್, ಭುಸ್’ ಕೇಳುತ್ತದೆ. ‘ನಾಡಿಮೊರೆತ’ ಎನ್ನಿ. ಮೊದಲ ಸಲ ಬರುವಾಗ ‘ನಾಡಿಬಡಿತದ ಜೊತೆ ಕೇಳುವ ಕಿವಿಮೊರೆತ’ ಎಂದು ಬಿಡಿಸಿ.

ದೊಡ್ಡ ತೊಡಕು ‘ಸೈನಸ್’. ಓದುಗರಿಗೆ ಅದು ಮೂಗು, ನೆಗಡಿ, ತಲೆಭಾರ. ಇಲ್ಲಿ ಅದು ಮಿದುಳಿನ ಹೊದಿಕೆಯ ಪದರಗಳ ನಡುವಿನ ರಕ್ತಗಾಲುವೆ. ಕಿವಿಯ ಹಿಂದಿನ ಎಲುಬಿಗೆ ತಾಗಿಕೊಂಡು ಇಳಿದು ಕತ್ತಿನ ಜುಗುಲರ್ ಸಿರೆಯನ್ನು ಸೇರುತ್ತದೆ. ‘ಮಿದುಳಿನ ಸಿರೆಗಾಲುವೆ’ ಎಂದರೆ ಗೊಂದಲವಿಲ್ಲ. ಅದು ಒಂದೆಡೆ ಇಕ್ಕಟ್ಟಾದಾಗ ರಕ್ತ ರಭಸದಿಂದ ನುಗ್ಗಿ ಸುಳಿ ಏಳುತ್ತದೆ. ಕಿವಿಗೆ ಕೇಳುವುದು ಆ ಸುಳಿ. ಹೀಗಾಗಿ ‘ಸ್ಟೆನೋಸಿಸ್’ಗೆ ‘ಬ್ಲಾಕ್’ ಎನ್ನಬೇಡಿ. ಪೂರ್ತಿ ಕಟ್ಟಿಕೊಂಡ ಕಡೆ ಹರಿವೂ ಇಲ್ಲ, ಸದ್ದೂ ಇಲ್ಲ. ‘ಇಕ್ಕಟ್ಟು’ ಸರಿಯಾದ ಮಾತು. ವೈದ್ಯರು ಅದೇ ಬದಿಯ ಕತ್ತನ್ನು ಮೆಲ್ಲಗೆ ಒತ್ತಿದಾಗ ಸದ್ದು ಅಡಗಿದರೆ ಮೂಲ ಸಿರೆಯಲ್ಲಿರುವ ಸಾಧ್ಯತೆ ಹೆಚ್ಚು. ಸ್ಟೆಂಟ್ (ನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕುವ ಮುನ್ನ ಕ್ಯಾತಿಟರ್ (ತೆಳು ನಳಿಕೆ) ಒಯ್ದು ಇಕ್ಕಟ್ಟಿನ ಆಚೀಚೆಯ ಒತ್ತಡ ಅಳೆಯುತ್ತಾರೆ. ವ್ಯತ್ಯಾಸ ಇಲ್ಲವೆನ್ನುವಷ್ಟು ಕಡಿಮೆಯಿದ್ದರೆ ಸ್ಟೆಂಟ್‌ನಿಂದ ಫಲ ಅನುಮಾನ.

ಸ್ಟೆಂಟ್ ಹಾಕಿದಾಗ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್‌ಗಳನ್ನು ‘ರಕ್ತ ತೆಳು ಮಾಡುವ ಮಾತ್ರೆ’ ಎಂದು ಎಲ್ಲರೂ ಬರೆಯುತ್ತಾರೆ. ರಕ್ತ ತೆಳುವಾಗುವುದಿಲ್ಲ. ರಕ್ತದ ಕಿರುತಟ್ಟೆಗಳು (ಪ್ಲೇಟ್‌ಲೆಟ್) ಒಂದಕ್ಕೊಂದು ಅಂಟಿ ಸ್ಟೆಂಟ್‌ನೊಳಗೆ ಹೆಪ್ಪುಗಟ್ಟದಂತೆ ಅವು ತಡೆಯುತ್ತವೆ. ‘ಹೆಪ್ಪುತಡೆ ಮಾತ್ರೆ, ತಾನಾಗಿ ನಿಲ್ಲಿಸಬಾರದು’ ಎಂದೇ ಬರೆಯಿರಿ.

‘ಫಿಸ್ಟುಲಾ’ಗೆ ನಿಘಂಟಿನ ‘ಭಗಂದರ’ವನ್ನು ಎತ್ತಿಕೊಂಡರೆ ಅನಾಹುತ, ಅದು ಗುದದ ಕಾಯಿಲೆ. ಇಲ್ಲಿ ಮಿದುಳಿನ ಹೊದಿಕೆಯಲ್ಲಿ ಧಮನಿಯ ರಕ್ತ ಲೋಮನಾಳಗಳನ್ನು (ಕೂದಲೆಳೆಯಂಥ ಕಿರುನಾಳಗಳನ್ನು) ಬಿಟ್ಟು ನೇರ ಸಿರೆಗೆ ನುಗ್ಗುವ ಅಡ್ಡದಾರಿ ಇರುತ್ತದೆ. ‘ಧಮನಿ-ಸಿರೆ ಅಡ್ಡದಾರಿ’ ಎನ್ನಬಹುದು. ಚಿಕಿತ್ಸೆಯಾದ ‘ಎಂಬೊಲೈಸೇಷನ್’ ಎಂದರೆ ಕ್ಯಾತಿಟರ್ ಮೂಲಕ ಗಟ್ಟಿಯಾಗುವ ದ್ರವ ತುಂಬಿ ಆ ದಾರಿ ಮುಚ್ಚುವುದು. ಈ ರೋಗದಲ್ಲಿ ಸದ್ದು ತಾನಾಗಿ ನಿಂತರೆ ‘ವಾಸಿಯಾಯಿತು’ ಎಂಬ ಅರ್ಥ ಪತ್ರದಲ್ಲೆಲ್ಲೂ ಬರಕೂಡದು. ಹರಿವು ಮಿದುಳಿನ ಮೇಲ್ಮೈಯ ಸಿರೆಗಳತ್ತ ತಿರುಗಿರಬಹುದು. ಅಲ್ಲಿ ರಕ್ತಸ್ರಾವದ ಅಪಾಯ ಹೆಚ್ಚು, ಮತ್ತೆ ಆಂಜಿಯೋಗ್ರಾಂ ಬೇಕು.

‘ಅಪಧಮನಿ’ (ಆರ್ಟರಿ), ‘ಅಭಿಧಮನಿ’ (ವೇನ್) ಜೋಡಿಯನ್ನು ಬಿಟ್ಟುಬಿಡಿ. ಒಂದಕ್ಷರ ತಪ್ಪಿದರೆ ರಕ್ತನಾಳವೇ ಬದಲಾಗುತ್ತದೆ. ‘ಧಮನಿ’, ‘ಸಿರೆ’ ಸಾಕು.