ಕಟ್ಟುನಿಟ್ಟಿನ ಗುಂಪು ಬಿಟ್ಟ ಮೇಲೆ ದೇವರ ಬಗ್ಗೆ ಹೇಗೆ ಯೋಚಿಸೋದು? ಅನುಭವ ಇದ್ದವರು ಹೇಳಿ

ಹುಮನಾಬಾದಿನಿಂದ ಪ್ರಶ್ನೆ:
ಕಾಲೇಜಿನ ದಿನಗಳಿಂದ ಇದ್ದ ಒಂದು ಭಕ್ತಿ ಗುಂಪನ್ನು ಹೋದ ವರ್ಷ ಬಿಟ್ಟೆ. ಅಲ್ಲಿ ಪ್ರಶ್ನೆ ಕೇಳಿದರೆ ಶ್ರದ್ಧೆ ಕಡಿಮೆ ಅಂತಿದ್ದರು. ನೆಂಟರ ಮದುವೆ, ಹಬ್ಬದೂಟ ಯಾವುದೂ ಬೇಡ. ಈಗ ಮನೆಯವರು ‘ನಮ್ಮ ಮಠಕ್ಕೆ ನಡಿ’ ಅಂತಾರೆ, ಗೆಳತಿಯರು ‘ದೇವರೇ ಸುಳ್ಳು, ಬಿಡು’ ಅಂತಾರೆ. ನನಗೆ ದೇವರು ಬೇಡವಾಗಿಲ್ಲ. ಆದರೆ ನಾನೇ ಯೋಚಿಸೋಕೆ ಕೂತರೆ ಎದೆ ಹೊಡೆದುಕೊಳ್ಳುತ್ತದೆ. ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಕಲಬುರಗಿಯಿಂದ:
ತಂಗಿ, ನಾನೂ ಇಂಥದೇ ಗುಂಪಿನಿಂದ ಹೊರಬಂದವಳು. ಎದೆ ಹೊಡೆದುಕೊಳ್ಳೋದನ್ನು ಆತ್ಮಸಾಕ್ಷಿ ಅಂದುಕೊಳ್ಳಬೇಡ. ಅದು ವರ್ಷಗಟ್ಟಲೆ ಮೈಗೆ ಹತ್ತಿದ ಹೆದರಿಕೆ.

ಬಿಟ್ಟ ಮೇಲಿನ ಮೊದಲ ಎಳ್ಳ ಅಮಾವಾಸ್ಯೆಗೆ ಅವ್ವನ ಜೊತೆ ಹೊಲಕ್ಕೆ ಹೋಗಿದ್ದೆ. ಭೂತಾಯಿಗೆ ನೈವೇದ್ಯ ಅಂತ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತರು. ಅವ್ವ ಸಜ್ಜಿ ರೊಟ್ಟಿ ಮೇಲೆ ಭಜ್ಜಿ ಹಾಕಿ ಕೊಟ್ಟಳು. ತುತ್ತು ಮುರಿದೆ, ಕೈ ಬಾಯಿಗೆ ಹೋಗಲೇ ಇಲ್ಲ. ನೈವೇದ್ಯದ ಊಟ ತಿಂದರೆ ಪಾಪ ಅಂತ ಅಲ್ಲಿ ಹೇಳಿಕೊಟ್ಟಿದ್ದರು. ಆ ಮಾತನ್ನು ನಾನು ನಂಬೋದು ಬಿಟ್ಟು ಬಹಳ ದಿನ ಆಗಿತ್ತು, ಕೈ ಮಾತ್ರ ಇನ್ನೂ ನಂಬುತ್ತಿತ್ತು. ಅವ್ವ ಏನೂ ಕೇಳಲಿಲ್ಲ. ಸುಮ್ನೆ ಇನ್ನಷ್ಟು ಭಜ್ಜಿ ಹಾಕಿದಳು. ತಿಂದೆ. ಮುಂದಿನ ವರ್ಷ ಆ ಅಳುಕು ಎಷ್ಟೋ ಕಡಿಮೆ ಆಗಿತ್ತು. ಈ ಹೆದರಿಕೆ ವಾದ ಮಾಡಿದರೆ ಹೋಗೋದಿಲ್ಲ, ಮಾಡಿ ನೋಡಿದರೆ ಹೋಗುತ್ತದೆ.

ಒಂದು ನೋಟ್‌ಬುಕ್ ಇಟ್ಟುಕೋ. ಅಲ್ಲಿ ಕಲಿಸಿದ ಒಂದೊಂದೇ ಮಾತು ಬರೆದು, ಯಾರೂ ನೋಡದಿದ್ದರೂ ಇದನ್ನು ಮಾಡುತ್ತೀಯಾ ಅಂತ ನಿನ್ನನ್ನೇ ಕೇಳು. ನನ್ನಲ್ಲಿ ಬೆಳಗಿನ ಪ್ರಾರ್ಥನೆ ಉಳಿಯಿತು. ಯಾರು ಬಂದರು, ಯಾರು ಬರಲಿಲ್ಲ ಅಂತ ಲೆಕ್ಕ ಒಪ್ಪಿಸೋದು ಹೋಯಿತು. ‘ಇನ್ನೂ ಗೊತ್ತಿಲ್ಲ’ ಅನ್ನೋ ಪಟ್ಟಿಯೇ ಎಲ್ಲಕ್ಕಿಂತ ಉದ್ದ. ಇರಲಿ, ಅವಸರ ಏನಿದೆ?

ಒಮ್ಮೆ ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಗೆ ಹೋಗಿ ಬಾ. 1986ರಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿ ಗುಡಿಯ ಮಾಳಿಗೆ ಕುಸಿದಾಗ, ಮೂರ್ತಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಅದರಲ್ಲಿ ಅವನ 12ನೇ ಶಾಸನದ ಭಾಗ ಇದೆ. ನಿಮ್ಮ ಪಂಥವನ್ನೇ ಹೊಗಳಿಕೊಂಡು ಬೇರೆಯವರದನ್ನು ಹಳಿಯಬೇಡಿ, ಒಬ್ಬರ ಧರ್ಮದ ಮಾತನ್ನು ಇನ್ನೊಬ್ಬರು ಕೇಳಿ ಅನ್ನೋದು ಆ ಶಾಸನದ ತಿರುಳು. ನಮ್ಮ ಗುಂಪಿನಲ್ಲಿ ಹೊರಗಿನವರ ಮಾತು ಕಿವಿಗೆ ಬಿದ್ದರೂ ವಿಷ ಅಂತಿದ್ದರು. ನಮ್ಮ ಭೀಮಾ ದಂಡೆಯ ಊರಲ್ಲೇ ಅಷ್ಟು ಹಿಂದೆ ಇದನ್ನು ಕಲ್ಲಿನಲ್ಲಿ ಕೆತ್ತಿಸಿದ್ದರು ಅಂತ ತಿಳಿದಾಗ ನನಗೆ ದೊಡ್ಡ ಧೈರ್ಯ ಬಂತು.

ಬೀದರ್‌ನಿಂದ:
ಅಕ್ಕ ಹೇಳಿದ್ದು ಸರಿ. ನನ್ನದೊಂದು ಮಾತು ಸೇರಿಸುತ್ತೇನೆ. ಹೊರಬಂದವರಿಗೆ ಖಾಲಿ ಅನ್ನಿಸುತ್ತದೆ, ಆಗ ಕೈ ಹಿಡಿಯೋಕೆ ಬರುವವರು ಬಹಳ. ಪ್ರಶ್ನೆ ಕೇಳಿದರೆ ಮುಖ ಗಂಟು ಹಾಕುವವರ ಕಡೆ ಹೋಗಬೇಡಿ, ಅವರು ಆಸ್ತಿಕರಿರಲಿ, ನಾಸ್ತಿಕರಿರಲಿ. ನಾನು ಅಷ್ಟೂರಿನ ಗುಮ್ಮಟಗಳ ಹತ್ತಿರ ಹೋಗಿ ಕೂರುತ್ತೇನೆ. ಅಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾಹ್ ವಲಿಯ ಸಮಾಧಿಗೆ ಮುಸ್ಲಿಮರೂ ಬರುತ್ತಾರೆ, ಅವನನ್ನು ಅಲ್ಲಮಪ್ರಭು ಅಂತ ನಂಬಿದ ಲಿಂಗಾಯತರೂ ಬರುತ್ತಾರೆ. ನೀನು ಯಾವ ಕಡೆ ಅಂತ ನನ್ನನ್ನು ಅಲ್ಲಿ ಯಾರೂ ಕೇಳಿಲ್ಲ.

ಯಾದಗಿರಿಯಿಂದ:
ನಮ್ಮಣ್ಣ ಇನ್ನೂ ಇಂಥದೇ ಒಂದು ಗುಂಪಿನಲ್ಲಿ ಇದ್ದಾನೆ. ಧರ್ಮದ ಮಾತು ಎತ್ತದೆ ಹತ್ತಿ ರೇಟು, ಮಕ್ಕಳ ಸ್ಕೂಲು ಅಂತ ಮಾತಾಡುತ್ತೇವೆ. ಅಷ್ಟಾದರೂ ಉಳಿದಿದೆ. ನಿಮ್ಮ ಗೆಳತಿಯರು ಅಲ್ಲಿ ಇದ್ದರೆ ಹಬ್ಬಕ್ಕೊಂದು ಫೋನ್ ಮಾಡಿ, ಅವರು ಎತ್ತದಿದ್ದರೂ ಪರವಾಗಿಲ್ಲ. ಮತ್ತೆ, ರಾತ್ರಿ ನಿದ್ದೆ ಬರದಷ್ಟು ಎದೆ ಹೊಡೆದುಕೊಂಡರೆ ಒಬ್ಬರೇ ನುಂಗಿಕೊಳ್ಳಬೇಡಿ. ಮನಸ್ಸಿನ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.