ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ಸಂಗ್ರಹಾಲಯ ಬಂದದ್ದು ಹೇಗೆ?

ಪ್ರಶ್ನೆ: ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಈ ಭವನ ರಾಜಮನೆತನದ ನಿವಾಸವಾಗಿತ್ತೆಂದು ಬಲ್ಲೆ. ಅದು ಜಾನಪದ ವಸ್ತುಸಂಗ್ರಹಾಲಯವಾದ ಬಗೆಯನ್ನು ತಿಳಿದವರು ವಿವರಿಸುವಿರಾ?

ಉತ್ತರ: ಮಾನ್ಯರೇ, ನಾಲ್ವಡಿ ಕೃಷ್ಣರಾಜ ಒಡೆಯರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗಾಗಿ 1905ರಲ್ಲಿ ಕಟ್ಟಿಸಿದ ಈ ಭವನ ಮುಂದೆ ಮೈಸೂರು ವಿಶ್ವವಿದ್ಯಾನಿಲಯದ ಪಾಲಾಯಿತು. 1960ರ ದಶಕದ ಕೊನೆಯಲ್ಲಿ ಸಾಹಿತಿ ದೇ. ಜವರೇಗೌಡ, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಮೊದಲಾದವರ ಶ್ರಮದಿಂದ, ಹಳ್ಳಿಗಳಲ್ಲಿ ಕಣ್ಮರೆಯಾಗುತ್ತಿದ್ದ ಮುಖವಾಡ, ತೊಗಲುಗೊಂಬೆ, ಯಕ್ಷಗಾನದ ವೇಷಭೂಷಣ, ಮನೆಬಳಕೆಯ ಪರಿಕರಗಳೆಲ್ಲ ಸಂಗ್ರಹಾಲಯವೊಂದರಲ್ಲಿ ಒಟ್ಟುಗೂಡಿದವು. ದೊರೆಮಗಳ ಹಜಾರದಲ್ಲಿ ಒಕ್ಕಲುಮಕ್ಕಳ ಸಾಮಗ್ರಿ ನೆಲೆಸಿದ್ದು ನನ್ನ ಮಟ್ಟಿಗೆ ಕಟ್ಟಡದಷ್ಟೇ ಮುಖ್ಯವಾದ ಸಂಗತಿ.

ಉತ್ತರ: ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ನಡೆದ ಜೀರ್ಣೋದ್ಧಾರದ ನಂತರ 2006ರಲ್ಲಿ ಇದು ಮತ್ತೆ ತೆರೆಯಿತು. ಆದರೆ ಮರ ಮತ್ತು ಗಾರೆಯ ಇಂತಹ ಕಟ್ಟಡಗಳಿಗೆ ಒಮ್ಮೆ ಮಾಡಿದ ದುರಸ್ತಿ ಸಾಲದು, ಪ್ರತಿ ಮಳೆಗಾಲಕ್ಕೆ ಮುನ್ನ ಚಾವಣಿಯ ತಪಾಸಣೆ ಆಗಲೇಬೇಕು.

ಉತ್ತರ: ಮೈಸೂರಿನಲ್ಲೇ ಬ್ರಿಟಿಷರ ನೇರ ಗುರುತಿರುವ ಕಟ್ಟಡವನ್ನೂ ನೋಡಬೇಕಿದ್ದರೆ, ಮುಂದೆ ವೆಲ್ಲಿಂಗ್ಟನ್ ಡ್ಯೂಕ್ ಆದ ಬ್ರಿಟಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಹೆಸರಿನೊಡನೆ ಬೆಸೆದುಕೊಂಡಿರುವ ವೆಲ್ಲಿಂಗ್ಟನ್ ಲಾಡ್ಜ್ ನೋಡಿ, ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ ಅಲ್ಲಿದೆ.